ಹೊಸ ಚಾಕು, ಬಿಗಿ ಲಾಕು

ಯಡಿಯೂರು ಸಿದ್ಧಲಿಂಗೇಶ್ವರನ ತೇರು ಎಳೆಯುವುದು ಚೈತ್ರದಲ್ಲಿ. ಯುಗಾದಿ ಕಳೆದು ಮುಂಗಾರು ಹತ್ತಿರವಾಗುವ, ಹೊಲಮನೆಯವರು ಹತಾರ ಹೊಂದಿಸಿಕೊಳ್ಳುವ ಕಾಲ ಅದು. ಕುಣಿಗಲ್, ಗುಬ್ಬಿ, ತುಮಕೂರು ಸೀಮೆಯ ಜಾತ್ರೆ, ಸಂತೆಗಳಲ್ಲಿ ಕಬ್ಬಿಣದ ಸಾಮಾನಿನವರು ನೆಲದ ಮೇಲೆ ಗೋಣಿತಾಟು ಹಾಸಿ ಕುಡುಗೋಲು, ಮಚ್ಚು, ಕೊಡಲಿ, ಗುದ್ದಲಿ ಹರಡುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಕೀಲಿಲ್ಲ. ಕಾವು ಹಾಕಿ ಬಿಗಿ ಮಾಡಿದರೆ ಮುಗಿಯಿತು, ಕೊಂಡ ದಿನವೇ ಕೆಲಸಕ್ಕೆ ಸಿದ್ಧ. ಹೆದ್ದಾರಿ ಬದಿಯಲ್ಲಿ ಎಳನೀರು ಕೆತ್ತುವ ಮಚ್ಚಿಗೆ ಆಗಾಗ ಸಾಣೆ ಬೇಕು, ಅಷ್ಟೆ. ಅದನ್ನು ಪಳಗಿಸಬೇಕಾದ ಕೆಲಸವಿಲ್ಲ.

ಕೀಲಿರುವ ಹತಾರವೆಂದರೆ ಇಲ್ಲಿನ ಮನೆಗಳಲ್ಲಿ ಮೊದಲಿಂದ ಇದ್ದದ್ದು ಅಡಕತ್ತರಿ. ಆಮೇಲೆ ಮಡಿಚುವ ಈಳಿಗೆಮಣೆ ಬಂತು. ಎರಡೂ ಹೊಸದರಲ್ಲಿ ಬಿಗಿಯೇ. ಹೊಸ ಅಡಕತ್ತರಿಯನ್ನು ಅಜ್ಜಿಯ ಎಲೆಅಡಿಕೆ ತಟ್ಟೆಗೆ ಹಾಕಿದರೆ ಅವರು ಒಂದೆರಡು ದಿನ ಅದನ್ನು ಬರಿದೇ ಆಡಿಸುತ್ತಾರೆ, ಕೀಲಿಗೊಂದು ಹನಿ ಹರಳೆಣ್ಣೆ ಬಿಡುತ್ತಾರೆ, ಆಮೇಲೆಯೇ ಗೋಟು ಅಡಿಕೆಗೆ ಕೈ ಹಾಕುತ್ತಾರೆ. ಈ ತಾಳ್ಮೆ ಅಡಿಕೆ ಸೀಮೆಯ ಮನೆಗಳಿಗೆ ಹೊಸದಲ್ಲ. ಆದರೆ ಅದೇ ಮನೆಯ ಹುಡುಗ ತೋಟದ ಕೆಲಸಕ್ಕೆಂದು ಮಡಿಚುವ ಕಸಿ ಚಾಕು ಕೊಂಡು ತಂದಾಗ ಆ ತಾಳ್ಮೆ ಎಲ್ಲಿಗೋ ಹೋಗಿಬಿಡುತ್ತದೆ.

ಹೊಸ ಚಾಕು ಮೊದಲ ವಾರ ಹಟ ಮಾಡುತ್ತದೆ. ಅಲಗು ಬಿಡಿಸಹೋದರೆ ಉಗುರು ಮುರಿಯುವಷ್ಟು ಬಿಗಿ. ಹೇಗೋ ತೆರೆದು ‘ಕಟ್’ ಎಂದು ಲಾಕು ಬಿದ್ದ ಮೇಲೆ ಮತ್ತೆ ಮಡಿಚಬೇಕೆಂದರೆ ಹೆಬ್ಬೆರಳು ಕೆಂಪಾಗುತ್ತದೆ. ಕೊಂಡವನಿಗೆ ಮೋಸ ಹೋದೆನೆಂಬ ಅನುಮಾನ. ಅಂಗಡಿಯವನು ‘ಬಳಸ್ತಾ ಬಳಸ್ತಾ ಸರಿಹೋಗುತ್ತೆ’ ಎಂದರೆ ನಂಬಿಕೆ ಬರುವುದಿಲ್ಲ. ಆಗ ಮೂರು ದಾರಿ ಹೊಳೆಯುತ್ತವೆ: ಅರ ಹಾಕಿ ಲಾಕಿನ ತುದಿ ಉಜ್ಜುವುದು, ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಕೀಲು ತಟ್ಟುವುದು, ಅಡುಗೆಮನೆಯ ಕೊಬ್ಬರಿ ಎಣ್ಣೆ ಸುರಿಯುವುದು. ಮೂರೂ ತಪ್ಪು. ಮೊದಲನೆಯದು ಚಾಕುವನ್ನೇ ಕೆಡಿಸುತ್ತದೆ, ಮುಂದೊಂದು ದಿನ ಬೆರಳನ್ನೂ ಕೆಡಿಸಬಹುದು.

ಗುಬ್ಬಿ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ಇಲ್ಲಿ ಕಸಿ ಚಾಕುವಿನ ಮೇಲೆ ನಿಂತಿರುವುದು ಹಲಸಿನ ಬದುಕು.

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಅಲ್ಲಿನ ರೈತ ಎಸ್.ಎಸ್. ಪರಮೇಶ ಅವರ ತೋಟದಲ್ಲಿ ಅವರ ತಂದೆ ಎಸ್.ಕೆ. ಸಿದ್ದಪ್ಪ ನೆಟ್ಟು ಬೆಳೆಸಿದ ಒಂದು ಮರವಿತ್ತು. ಅದರ ತೊಳೆ ತಾಮ್ರಗೆಂಪು, ಹಣ್ಣು ಸುಮಾರು ಎರಡೂವರೆ ಕಿಲೋ ತೂಗುವ ಚಿಕ್ಕ ಗಾತ್ರದ್ದು. ಹತ್ತಿಪ್ಪತ್ತು ಕಿಲೋದ ಹಣ್ಣನ್ನು ಮನೆಗೆ ಒಯ್ಯಲಾರದ ಪಟ್ಟಣದ ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದ ಹಣ್ಣು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ಅದರ ಕೇಂದ್ರವೂ ಆ ಮರವನ್ನು ಗುರುತಿಸಿ, ತಂದೆಯ ಹೆಸರಿನಲ್ಲೇ ಅದನ್ನು ‘ಸಿದ್ದು’ ಹಲಸು ಎಂದು ಕರೆದವು. ಕಸಿ ಸಸಿಗಳನ್ನು ಬೆಳೆಸಿ ಮಾರಲು 2017ರಲ್ಲಿ ರೈತರೊಂದಿಗೆ ಒಪ್ಪಂದವಾಯಿತು. ಸಸಿ ಮಾರಿದ ಹಣದಲ್ಲಿ ದೊಡ್ಡ ಪಾಲು ಮರ ಕಾಪಾಡಿದವರಿಗೇ ಸಲ್ಲಬೇಕೆಂಬುದು ಆ ಒಪ್ಪಂದದ ತಿರುಳು. ರೈತನ ತೋಟದ ತಳಿಗೆ ರೈತನನ್ನೇ ಒಡೆಯನೆಂದು ಒಪ್ಪಿಕೊಂಡ ಈ ಏರ್ಪಾಡನ್ನು ಎಷ್ಟು ಹೊಗಳಿದರೂ ಕಡಿಮೆ.

ಒಂದು ಮರ ಊರೂರಿಗೆ ಹೋಗುವುದು ಹೇಗೆ? ಬೀಜದಿಂದ ಆಗದು. ಹಲಸಿನಲ್ಲಿ ಒಂದೇ ಮರದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬೇರೆ ಮರದ ಪರಾಗ ಬಂದು ಸೇರುವುದೇ ಹೆಚ್ಚು. ಹಾಗಾಗಿ ಕೆಂಪು ತೊಳೆಯ ಹಣ್ಣಿನ ಬೀಜ ಬಿತ್ತಿದರೆ ಬಿಳಿ ತೊಳೆಯ ಮರವೂ ಬರಬಹುದು, ಗಟ್ಟಿ ತೊಳೆಯ ಬಕ್ಕೆಯ ಬೀಜದಿಂದ ಮೆತ್ತನೆ ತೊಳೆಯ ಅಂಬಲಿ ಹಲಸೂ ಹುಟ್ಟಬಹುದು. ಏಳೆಂಟು ವರ್ಷ ಕಾದು ಹಣ್ಣು ಕಂಡ ಮೇಲೆ ತಾನೇ ಅದು ಗೊತ್ತಾಗುವುದು! ಕಸಿ ಕಟ್ಟಿದ ಸಸಿ ಹಾಗಲ್ಲ. ತಾಯಿಮರದ ಗುಣವನ್ನೇ ಹೊತ್ತು ಮೂರು ನಾಲ್ಕು ವರ್ಷಕ್ಕೆ ಫಲ ಕೊಡುತ್ತದೆ. ಆದ್ದರಿಂದ ಚೇಳೂರಿನ ಆ ಮರದಿಂದ ಹೊರಟ ಪ್ರತಿ ಸಸಿಯೂ ಒಂದು ಚಾಕುವಿನ ಬಾಯಿ ದಾಟಿಯೇ ಬಂದದ್ದು.

ಹಲಸಿಗೆ ಹೆಚ್ಚಾಗಿ ಮಾಡುವುದು ಮೃದುಕಾಂಡ ಕಸಿ. ಪಾಲಿಥೀನ್ ಚೀಲದಲ್ಲಿ ಬೆಳೆದ ಬೇರುಸಸಿಯ ತುದಿ ಕತ್ತರಿಸಿ, ಕಾಂಡದ ನಡುವೆ ಸೀಳು ಕೊಡುತ್ತಾರೆ. ತಾಯಿಮರದಿಂದ ತಂದ ಗೇಣುದ್ದಕ್ಕಿಂತ ಚಿಕ್ಕ ಕುಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಕೆತ್ತಿ ಬೆಣೆಯ ಆಕಾರಕ್ಕೆ ತಂದು ಆ ಸೀಳಿನೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ತೆಳು ಪದರವಿದೆ. ಇತ್ತಲಿನ ಕ್ಯಾಂಬಿಯಂ ಅತ್ತಲಿನದಕ್ಕೆ ತಾಗಿದರೆ ಮಾತ್ರ ಗಾಯ ಕೂಡಿಕೊಂಡು ಕುಡಿ ಚಿಗುರುತ್ತದೆ. ಕೆತ್ತಿದ ಮೈ ಅಂಕುಡೊಂಕಾದರೆ ನಡುವೆ ಗಾಳಿ ಉಳಿದು ಕುಡಿ ಒಣಗುತ್ತದೆ.

ಹಾಗಾಗಿ ಒಳ್ಳೆಯ ಕಸಿ ಚಾಕುವಿಗೆ ಒಂದು ಬದಿ ಮಾತ್ರ ಸಾಣೆ, ಇನ್ನೊಂದು ಬದಿ ಚಪ್ಪಟೆ. ಚಪ್ಪಟೆ ಬದಿ ಕಡ್ಡಿಗೆ ಒರಗಿ ಜಾರುವುದರಿಂದ ಕೆತ್ತನೆ ಒಂದೇ ಎಳೆತಕ್ಕೆ ಸಮವಾಗಿ ಬರುತ್ತದೆ. ಬಲಗೈಯವರಿಗೂ ಎಡಗೈಯವರಿಗೂ ಚಾಕು ಬೇರೆ ಬೇರೆ. ಎಡಗೈಯಲ್ಲಿ ಕೆಲಸ ಮಾಡುವವರಿಗೆ ಬಲಗೈಯ ಚಾಕು ಕೊಟ್ಟು ‘ಇವನಿಗೆ ಕಸಿ ಹತ್ತಲ್ಲ’ ಎನ್ನುವುದು ಅನ್ಯಾಯ. ಕಣ್ಣು ಕಸಿಯ ಚಾಕುವಿನಲ್ಲಿ ತೊಗಟೆ ಎಬ್ಬಿಸಲು ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಒಂದು ನಾಲಿಗೆಯೂ ಇರುತ್ತದೆ. ಜರ್ಮನಿಯ ರಾಯ್ಟ್‌ಲಿಂಗೆನ್ ಊರಿನ ಟೀನಾ ಕಂಪನಿ 1854ರಿಂದ ಇಂಥ ಚಾಕುಗಳನ್ನು ಮಾಡುತ್ತ ಬಂದಿದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕೂಡ ಕಸಿ ಚಾಕು ತಯಾರಿಸುತ್ತದೆ. ನಮ್ಮ ನರ್ಸರಿಗಳಲ್ಲಿ ಹೆಚ್ಚಾಗಿ ಕಾಣುವುದು ಕಡಿಮೆ ಬೆಲೆಯ ದೇಶೀ ಚಾಕು. ಬಿಗಿ ಕೀಲಿನ ತಾಪತ್ರಯ ಅಗ್ಗದ್ದಕ್ಕೂ ಇದೆ, ದುಬಾರಿಯದಕ್ಕೂ ಇದೆ.

ಮಡಿಚುವ ಚಾಕುವೇ ಏಕೆ ಬೇಕು? ಕಸಿಯವರು ಒಂದೆಡೆ ಕೂತು ಮುಗಿಸುವವರಲ್ಲ. ಕುಡಿ ತರಲು ಮರ ಹತ್ತಬೇಕು, ಸಾಲಿನಿಂದ ಸಾಲಿಗೆ ಸಸಿ ದಾಟಬೇಕು, ನಡುನಡುವೆ ಪಟ್ಟಿ ಸುತ್ತಬೇಕು. ಕ್ಷೌರದ ಕತ್ತಿಯ ಹದಕ್ಕೆ ಸಾಣೆ ಹಿಡಿದ ಬರಿ ಅಲಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತಲಾಗದು. ಅಲಗು ಮಡಿಚಿದರೆ ಮೈಗೂ ಗಾಯವಿಲ್ಲ, ಅಲಗಿನ ಬಾಯಿಗೂ ಮಣ್ಣು ಕಲ್ಲು ತಾಗುವುದಿಲ್ಲ. ಸುಗ್ಗಿಯಲ್ಲಿ ದಿನಕ್ಕೆ ನೂರಾರು ಸಸಿ ಕಟ್ಟುವ ಕೈ ಅಷ್ಟೇ ಸಲ ಅಲ್ಲದಿದ್ದರೂ ಹತ್ತಾರು ಸಲ ಆ ಚಾಕು ತೆರೆದು ಮಡಿಚುತ್ತದೆ.

ಮಡಿಚುವ ಚಾಕು ಹಳೆಯ ಹತಾರ. ಯೂರೋಪಿನಲ್ಲಿ ಎರಡೂವರೆ ಸಾವಿರ ವರ್ಷದ ಹಿಂದಿನ ಮಡಿಚುವ ಚಾಕು ಸಿಕ್ಕಿದೆ, ರೋಮನ್ನರ ಬಳಿಯಂತೂ ಬಗೆಬಗೆಯವಿದ್ದವು. ಅಲ್ಲಿಂದ ಇಲ್ಲಿಯವರೆಗೆ ಬೆಳೆದದ್ದು ಮುಖ್ಯವಾಗಿ ಅಲಗಲ್ಲ. ತೆರೆದ ಅಲಗು ತೆರೆದೇ ಇರುವಂತೆ ಮಾಡುವ ಉಪಾಯ.

ಎಲ್ಲಕ್ಕಿಂತ ಸರಳವಾದದ್ದರಲ್ಲಿ ಲಾಕೇ ಇಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗ್ ಪಟ್ಟಿ. ಅದು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಹೆಚ್ಚಿನ ಕಸಿ ಚಾಕುಗಳು ಈ ಬಗೆಯವು. 1897ರಲ್ಲಿ ವಿಕ್ಟೋರಿನಾಕ್ಸ್‌ನ ಕಾರ್ಲ್ ಎಲ್ಸೆನರ್ ನೋಂದಾಯಿಸಿದ ಸ್ವಿಸ್ ಸೇನಾಧಿಕಾರಿಗಳ ಚಾಕುವಿನಲ್ಲೂ ಇದೇ ಉಪಾಯ. ಇಂಥ ಚಾಕು ಬಿಗಿಯಾಗಿದ್ದರೆ ಅದಕ್ಕೆ ಸ್ಪ್ರಿಂಗಿನ ಬಲ, ಕೀಲಿನ ರಿವಿಟ್ಟು, ಒಳಗೆ ಉಳಿದ ಪಾಲಿಶ್ ಪುಡಿ ಕಾರಣ.

ಎರಡನೆಯದು ಬೆನ್ನುಲಾಕು. ಬೆನ್ನಿನ ಪಟ್ಟಿಯ ತುದಿಯಲ್ಲಿ ಒಂದು ಹಲ್ಲು, ಅಲಗಿನ ಬುಡದಲ್ಲಿ ಅದಕ್ಕೊಂದು ಕಚ್ಚು. ಹಲ್ಲು ಕಚ್ಚಿಗೆ ಬಿದ್ದರೆ ಹಿಡಿಯ ಹಿಂಬದಿ ಒತ್ತದೆ ಅಲಗು ಮಡಿಯದು. ಅಮೆರಿಕದ ಬಕ್ ಕಂಪನಿ 1964ರಲ್ಲಿ ತಂದ 110 ನಂಬರಿನ ಚಾಕು ಈ ಬಗೆಯನ್ನು ಜಗತ್ತಿಗೆಲ್ಲ ಪರಿಚಯಿಸಿತು.

ಮೂರನೆಯದು ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯದು. ಅಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದು ಮರದ ಹಿಡಿಯ ಅಗ್ಗದ ಚಾಕು ಮಾಡತೊಡಗಿದ. 1955ರಲ್ಲಿ ಅದಕ್ಕೆ ತಿರುಗಿಸುವ ಒಂದು ಉಕ್ಕಿನ ಬಳೆ ಸೇರಿತು. ಬಳೆ ತಿರುಗಿಸಿದರೆ ಅಲಗು ಮಡಿಯದು. ಇದರ ಬಿಗಿಗೆ ಕಾರಣವೇ ಬೇರೆ. ಹಿಡಿ ಬೀಚ್ ಮರದ್ದು. ತೇವ ಕುಡಿದರೆ ಮರ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಹಳೆ ಮನೆಯ ಬಾಗಿಲು ಮಾಡುವುದೂ ಅದನ್ನೇ. ಮದ್ದೂ ಅದೇ: ನೆರಳಲ್ಲಿ ಒಣಗಿಸುವುದು. ಸವಾಯ್‌ನವರು ಹಿಡಿಯ ಹಿಂಭಾಗವನ್ನು ಮೇಜಿಗೆ ಮೆಲ್ಲಗೆ ಕುಟ್ಟಿ ಅಲಗಿನ ತುದಿ ಹೊರಬರಿಸುತ್ತಾರೆ. ಹಲಸಿನ ಕಸಿಗೆ ತೇವದ ಗಾಳಿಯ ಕಾಲವೇ ಹಿತವಾದ್ದರಿಂದ ಮರದ ಹಿಡಿಯ ಚಾಕು ಕೊಳ್ಳುವವರು ಈ ಉಬ್ಬರವನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕೊಳ್ಳಬೇಕು.

ನಾಲ್ಕನೆಯದು ಇತ್ತೀಚಿನ ಎಷ್ಟೋ ಹೊಸ ಚಾಕುಗಳಲ್ಲಿ ಕಾಣುವ ಪಟ್ಟಿಲಾಕು. ‘ಲಾಕು ಗಟ್ಟಿ’ ಎಂಬ ದೂರಿನ ಬಹುಪಾಲು ಇದರದ್ದೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಹಿಡಿಯ ಒಳಮೈಗೆ ತೆಳು ಉಕ್ಕಿನದೋ ಟೈಟಾನಿಯಂನದೋ ತಗಡಿರುತ್ತದೆ. ಆ ತಗಡಿನ ಒಂದು ಭಾಗವನ್ನು ನಾಲಿಗೆಯಂತೆ ಸೀಳಿ ಒಳಕ್ಕೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ತಾನಾಗಿ ಸರಿದು ಅಲಗಿನ ಬುಡದ ಹಿಂದೆ ನಿಲ್ಲುತ್ತದೆ. ಮಡಿಚಲು ಹೆಬ್ಬೆರಳಲ್ಲಿ ಪಟ್ಟಿಯನ್ನು ಪಕ್ಕಕ್ಕೆ ತಳ್ಳಬೇಕು. ಈ ಉಪಾಯದ ಮೊದಲ ರೂಪಕ್ಕೆ ಅಮೆರಿಕದಲ್ಲಿ 1906ರಲ್ಲೇ ಪೇಟೆಂಟ್ ಆಗಿತ್ತು. ವಿದ್ಯುತ್ ಕೆಲಸದವರ ಚಾಕುಗಳಲ್ಲಿ ಅದು ಬಹುಕಾಲ ಇತ್ತು. 1980ರ ದಶಕದ ಆರಂಭದಲ್ಲಿ ಮೈಕೆಲ್ ವಾಕರ್ ಎಂಬ ಕುಶಲಕರ್ಮಿ ಅದನ್ನು ತಿದ್ದಿ ಇಂದಿನ ರೂಪಕ್ಕೆ ತಂದರು.

ವಾಕರ್ ಅವರ ಲಾಕಿನ ಗುಟ್ಟು ಅಲಗಿನ ಬುಡದ ಓರೆಯಲ್ಲಿದೆ. ಬುಡ ನೇರವಾಗಿ ಕತ್ತರಿಸಿದ್ದಲ್ಲ, ಏಳರಿಂದ ಹತ್ತು ಡಿಗ್ರಿಯಷ್ಟು ಇಳಿಜಾರು. ಪಟ್ಟಿ ಆ ಇಳಿಜಾರಿನ ಮೇಲೆ ಬೆಣೆಯಾಗಿ ಏರಿ ಕೂರುತ್ತದೆ. ಓರೆ ಹೆಚ್ಚಾದರೆ ಒತ್ತಡ ಬಿದ್ದಾಗ ಪಟ್ಟಿ ಜಾರಿ ಅಲಗು ಬೆರಳ ಮೇಲೆ ಮಡಿಯುತ್ತದೆ. ಓರೆ ಕಡಿಮೆಯಾದರೆ ಬೆಣೆ ಸಿಕ್ಕಿಕೊಂಡು ಬಿಡಿಸಲಾಗದು. ಇವೆರಡರ ನಡುವಿನ ಜಾಗ ತೀರಾ ಇಕ್ಕಟ್ಟು. ಹಾಗಾಗಿ ತಯಾರಕರು ಬೇಕೆಂದೇ ಹೊಸ ಚಾಕುವನ್ನು ಬಿಗಿ ಕಡೆಗೆ ವಾಲಿಸಿ ಕಳಿಸುತ್ತಾರೆ. ಸವೆತಕ್ಕೆಂದು ಬಿಟ್ಟ ಪಾಲು ಅದು. ಹೊಸದರಲ್ಲಿ ಪಟ್ಟಿ ಅಲಗಿನ ದಪ್ಪದ ಕಾಲು ಭಾಗವನ್ನೋ ಮೂರನೆಯ ಒಂದನ್ನೋ ಮಾತ್ರ ಹಿಡಿದಿರುತ್ತದೆ. ಬಳಕೆ ಹೆಚ್ಚಿದಂತೆ ಕೂದಲಿನ ಎಳೆಯಷ್ಟು ಕೂದಲಿನ ಎಳೆಯಷ್ಟು ಒಳಗೆ ಸರಿಯುತ್ತದೆ.

ಅರ ಹಾಕುವವರು ಕೆಡಿಸುವುದು ಈ ಪಾಲನ್ನೇ. ಎರಡು ನಿಮಿಷದ ಉಜ್ಜಾಟಕ್ಕೆ ವರ್ಷಗಟ್ಟಲೆಯ ಸವೆತ ಮುಗಿದುಹೋಗುತ್ತದೆ. ಕೈಯಲ್ಲಿ ಉಜ್ಜಿದ ಓರೆ ಎಷ್ಟು ಡಿಗ್ರಿಯಾಯಿತೆಂದು ಹೇಳುವವರೂ ಇಲ್ಲ. ಬೆಳಿಗ್ಗೆ ‘ಈಗ ಹಗುರ ಆಯ್ತು’ ಎಂದು ಖುಷಿಪಟ್ಟ ಲಾಕು ಮಧ್ಯಾಹ್ನ ಗಟ್ಟಿ ಕಡ್ಡಿಗೆ ಒತ್ತು ಕೊಟ್ಟಾಗ ಜಾರಬಹುದು. ದಯವಿಟ್ಟು ಅರ ಮುಟ್ಟಬೇಡಿ ಎಂದು ಕೈಮುಗಿದು ಹೇಳಬೇಕಾದ ಮಾತಿದು.

ಬಿಗಿ ಇರುವುದೆಲ್ಲಿ? ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಯಂತ್ರ ಕೊರೆದ ಲೋಹದ ಮೈ ನಮಗೆ ನುಣುಪೆನಿಸಿದರೂ ಅದರ ತುಂಬ ಗೆರೆಗಳು, ಉಬ್ಬುಗಳು. ಪಟ್ಟಿಯೂ ಅಲಗಿನ ಬುಡವೂ ಮೊದಲು ತಾಗುವುದು ಆ ಉಬ್ಬುಗಳ ತುದಿಗಳಲ್ಲಿ ಮಾತ್ರ. ಒತ್ತಡವೆಲ್ಲ ಅಷ್ಟೇ ಜಾಗಕ್ಕೆ ಬಿದ್ದು ಲೋಹ ಲೋಹವನ್ನು ಕಚ್ಚುತ್ತದೆ. ಟೈಟಾನಿಯಂ ಪಟ್ಟಿಯಾದರೆ ಈ ಕಚ್ಚಾಟ ಇನ್ನೂ ಜೋರು, ಏಕೆಂದರೆ ಆ ಲೋಹದ ಗುಣವೇ ಉಜ್ಜಿದಲ್ಲಿ ಅಂಟಿಕೊಳ್ಳುವುದು. ತೆರೆದು ಮಡಿಚಿ, ತೆರೆದು ಮಡಿಚಿ ಆಡಿಸಿದಂತೆಲ್ಲ ಉಬ್ಬುಗಳು ಮಟ್ಟಸವಾಗಿ ತಾಗುವ ಜಾಗ ಹಿಗ್ಗುತ್ತದೆ. ಆ ಭಾಗ ಕನ್ನಡಿಯಂತೆ ಮಿಂಚತೊಡಗುತ್ತದೆ. ಇದರಲ್ಲಿ ಕತ್ತರಿಸಿ ಹೋಗುವ ಲೋಹ ತೀರಾ ಕಡಿಮೆ, ಹೆಚ್ಚಿನದು ಒತ್ತಿ ನುಣುಪಾಗುವುದು. ಅರ ಮಾಡುವ ಕೆಲಸಕ್ಕೂ ಕೈ ಆಡಿಸುವ ಕೆಲಸಕ್ಕೂ ಇರುವ ವ್ಯತ್ಯಾಸ ಇದೇ.

ಆದ್ದರಿಂದ ಹೊಸ ಚಾಕುವಿಗೆ ಮೊದಲು ಸ್ನಾನ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮುಳುಗಿಸಿ ಹತ್ತಿಪ್ಪತ್ತು ಸಲ ತೆರೆದು ಮಡಿಚಿದರೆ ಕಾರ್ಖಾನೆಯ ಪುಡಿ, ಹಳೆ ಗ್ರೀಸು ಹೊರಗೆ ಬರುತ್ತವೆ. ಮರದ ಹಿಡಿಯದಕ್ಕೆ ಮಾತ್ರ ಈ ಸ್ನಾನ ಬೇಡ, ಒಣ ಬಟ್ಟೆ, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಆಮೇಲೆ ಪೂರ್ತಿ ಒಣಗಬೇಕು. ಕೀಲಿನಲ್ಲಿ ನೀರು ನಿಂತರೆ ತುಕ್ಕು ಖಂಡಿತ. ಒಣಗಿದ ಮೇಲೆ ಕೀಲಿನ ಎರಡೂ ಬದಿಗೆ ಒಂದೊಂದು ಹನಿ ಎಣ್ಣೆ. ಕೀಲಿಗೆ ಸ್ಕ್ರೂ ಇದ್ದರೆ ಅದರ ಬಿಗಿ ನೋಡಬೇಕು. ಲಾಕಿನ ಮೇಲೆ ಹೊರಿಸಿದ ದೂರು ಎಷ್ಟೋ ಸಲ ಅತಿಯಾಗಿ ತಿರುಗಿಸಿದ ಸ್ಕ್ರೂವಿನದು. ಕೂದಲಷ್ಟು ಸಡಿಲಿಸಿ, ಅಲಗು ಅಕ್ಕಪಕ್ಕ ಅಲುಗದಂತೆ ನೋಡಿಕೊಂಡರೆ ಅಲ್ಲಿಗೇ ಅರ್ಧ ತೊಂದರೆ ಮುಗಿದಿರುತ್ತದೆ.

ಪಟ್ಟಿಯೂ ಅಲಗಿನ ಬುಡವೂ ತಾಗುವ ಮೈಗೆ ಎಣ್ಣೆ ಹಾಕಬಾರದು. ಲಾಕು ನಿಲ್ಲುವುದೇ ಅಲ್ಲಿನ ಘರ್ಷಣೆಯಿಂದ, ಅದನ್ನು ಜಾರಿಸಿದರೆ ಲಾಕಿನ ಅರ್ಥವೇ ಹೋಯಿತು. ತೀರಾ ಕಚ್ಚಿಕೊಳ್ಳುತ್ತಿದ್ದರೆ ಬಹಳ ಜನ ಬಳಸುವ ಉಪಾಯ ಶಾಲೆಯ ಮಕ್ಕಳ ಪೆನ್ಸಿಲ್. ಅಲಗಿನ ಬುಡದ ಓರೆಯ ಮೇಲೆ ಪೆನ್ಸಿಲ್ಲಿನ ಗೆರೆ ಒಂದೆರಡು ಸಲ ಎಳೆದರೆ ಅದರ ಗ್ರಾಫೈಟ್ ತೆಳುವಾಗಿ ಕೂತು ಕಚ್ಚಾಟ ತಪ್ಪಿಸುತ್ತದೆ. ನಾಲ್ಕು ದಿನದಲ್ಲಿ ಅದು ಅಳಿಸಿಹೋಗುತ್ತದೆ, ಅಷ್ಟರಲ್ಲಿ ಲೋಹ ತನ್ನ ಜಾಗ ಕಂಡುಕೊಂಡಿರುತ್ತದೆ. ಪೆನ್ಸಿಲ್ ಬಳಸಿದ ಮೇಲೆ ಅಲಗಿನ ದಾರಿಯಲ್ಲಿ ಬೆರಳಿಲ್ಲದಂತೆ ಹಿಡಿದು, ಬೆನ್ನಿನ ಕಡೆಯಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಲಾಕು ನಿಲ್ಲುತ್ತದೆಯೇ ನೋಡಬೇಕು. ಕಲ್ಲಿಗೆ ಕುಟ್ಟಿ ಪರೀಕ್ಷಿಸುವುದು ಬೇಡ. ಕುಟ್ಟಿದ ಪೆಟ್ಟೇ ಲಾಕನ್ನು ಕೆಡಿಸಬಹುದು.

ಮಿಕ್ಕಿದ್ದು ಕೈಕೆಲಸ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು, ಟೀವಿ ನೋಡುತ್ತ ಅಲ್ಲ, ಚಾಕುವನ್ನೇ ನೋಡುತ್ತ, ನಿಧಾನ ತೆರೆದು ನಿಧಾನ ಮಡಿಚುವುದು. ಸಿನಿಮಾದ ಖಳನಾಯಕನ ಥರ ಮಣಿಕಟ್ಟು ಜಾಡಿಸಿ ತೆರೆಯುವ ಚಟ ಹುಡುಗರಿಗೆ ಬೇಗ ಹತ್ತುತ್ತದೆ. ಹಾಗೆ ಜಾಡಿಸಿದಾಗಲೆಲ್ಲ ಪಟ್ಟಿ ರಭಸದಿಂದ ಓರೆಯ ಮೇಲೇರಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ, ಬಿಗಿ ಬಿಡಿಸಹೊರಟವರು ಬಿಗಿಯನ್ನೇ ಬೆಳೆಸುತ್ತಾರೆ. ಮಡಿಚುವಾಗ ಇನ್ನೊಂದು ಎಚ್ಚರ. ಪಟ್ಟಿ ತಳ್ಳುವ ಹೆಬ್ಬೆರಳು ಅಲಗು ಬಂದು ಬೀಳುವ ದಾರಿಯಲ್ಲೇ ಇರುತ್ತದೆ. ಪಟ್ಟಿ ಸರಿದು ಅಲಗು ಸ್ವಲ್ಪ ಬಾಗಿದೊಡನೆ ಹೆಬ್ಬೆರಳು ತೆಗೆದು, ಆಮೇಲೆ ಇನ್ನೊಂದು ಕೈಯಲ್ಲಿ ಅಲಗು ಮಡಿಚಬೇಕು. ಬಿಗಿ ಲಾಕಿನ ಹೊಸ ಚಾಕುವಿನಲ್ಲಿ ಬೆರಳು ಕುಯ್ದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಜೋರಾಗಿ ತಳ್ಳುತ್ತಿದ್ದ ಹೆಬ್ಬೆರಳು, ಲಾಕು ಒಮ್ಮೆಗೇ ಬಿಟ್ಟಾಗ, ನೇರ ಅಲಗಿನ ಬಾಯಿಗೆ ಹೋಗುತ್ತದೆ. ಮೊದಲ ದಿನಗಳಲ್ಲಿ ಹೆಬ್ಬೆರಳಿಗೆ ಬಟ್ಟೆಯನ್ನೋ ಹಳೆ ಸೈಕಲ್ ಟ್ಯೂಬಿನ ತುಂಡನ್ನೋ ಸುತ್ತಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಲಾಕಿಲ್ಲದ, ಬೆನ್ನು ಸ್ಪ್ರಿಂಗಿನ ಕಸಿ ಚಾಕುವಿಗೂ ಇದೇ ಸ್ನಾನ, ಇದೇ ಎಣ್ಣೆ. ಆದರೆ ಅದರ ಬಿಗಿ ಪೂರ್ತಿ ಹೋಗಬೇಕೆಂದು ಬಯಸಬಾರದು. ಅಲಗನ್ನು ತೆರೆದಿಡುವುದೇ ಆ ಬಿಗಿ. ತೆರೆಯಲು ಉಗುರಿನ ಬದಲು ಹೆಬ್ಬೆರಳು ತೋರುಬೆರಳಲ್ಲಿ ಅಲಗಿನ ಬೆನ್ನನ್ನು ಚಿವುಟಿ ಹಿಡಿದು ಎಳೆದರೆ ಉಗುರು ಉಳಿಯುತ್ತದೆ.

ಎಣ್ಣೆಯ ಮಾತಿಗೆ ಬಂದರೆ, ತೆಂಗಿನ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಕೀಲಿಗೆ ಅದು ತಕ್ಕುದಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಮಾರ್ಗಶಿರ, ಪುಷ್ಯದ ಬೆಳಿಗ್ಗೆ ತುಮಕೂರು ಸೀಮೆಯ ಚಳಿ ಅದಕ್ಕಿಂತ ಎಷ್ಟೋ ಕೆಳಗೆ. ಸೀಸೆಯಲ್ಲಿ ಬೆಳ್ಳಗೆ ಗಟ್ಟಿಯಾಗುವ ಎಣ್ಣೆ ಕೀಲಿನಲ್ಲೂ ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ದಿನ ಕಳೆದಂತೆ ಗಾಳಿಗೆ ಅಂಟಾಗಿ ಧೂಳು ಹಿಡಿಯುತ್ತವೆ. ಹೊಲಿಗೆ ಯಂತ್ರದ ಎಣ್ಣೆಯೇ ಇದಕ್ಕೆ ಸರಿ. ತೆಳು, ಅಗ್ಗ, ಯಾವ ಹಳ್ಳಿಯ ದರ್ಜಿಯ ಬಳಿಯೂ ಸಿಗುವಂಥದ್ದು. ಬದಿಗೊಂದು ಹನಿ ಸಾಕು. ಹೆಚ್ಚಾದದ್ದು ಅಲಗಿಗೆ ಇಳಿದು ಕುಡಿಯ ಕೆತ್ತಿದ ಮೈಗೆ ತಾಗಿದರೆ ಕಸಿ ಕೂಡಿಕೊಳ್ಳುವುದಕ್ಕೇ ಅಡ್ಡಿ. ಕೆಲಸಕ್ಕೆ ಮುಂಚೆ ಅಲಗನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಒಂದು ಗಿಡದ ರೋಗ ಇನ್ನೊಂದಕ್ಕೆ ದಾಟದಿರಲೂ ಅದು ಒಳ್ಳೆಯದು.

ಹಲಸಿನ ಕೆಲಸದಲ್ಲಿ ಇನ್ನೊಂದು ಶತ್ರುವಿದೆ: ಮೇಣ. ಹಲಸಿನ ಕುಡಿ ಕತ್ತರಿಸಿದೊಡನೆ ಬಿಳಿ ಸೊನೆ ಒಸರುತ್ತದೆ. ಅಲಗಿನ ಮೇಲೆ ಹರಿದು ಕೀಲಿಗೆ ಇಳಿದು ಒಣಗಿದರೆ ರಬ್ಬರಿನಷ್ಟು ಗಟ್ಟಿ. ಮೂರು ತಿಂಗಳ ಹಿಂದೆ ಹಗುರಾಗಿದ್ದ ಚಾಕು ಮತ್ತೆ ಬಿಗಿಯಾಯಿತೆಂದರೆ ಲಾಕನ್ನು ಬಯ್ಯುವ ಮೊದಲು ಕೀಲಿನಲ್ಲಿ ಮೇಣ ಹುಡುಕಬೇಕು. ಅದು ನೀರಿಗೆ ಬಗ್ಗುವುದಿಲ್ಲ, ಸೀಮೆಎಣ್ಣೆಗೂ ಕೊಬ್ಬರಿ ಎಣ್ಣೆಗೂ ಬಗ್ಗುತ್ತದೆ. ಹಲಸು ಬಿಡಿಸುವ ಮುಂಚೆ ಕೈಗೂ ಮಚ್ಚಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ಮನೆಪಾಠದ ತಿಳಿವಳಿಕೆ ಇದೇ. ಕಸಿ ಚಾಕುವಿನಲ್ಲೂ ಮೇಣ ಕರಗಿಸಲು ಕೊಬ್ಬರಿ ಎಣ್ಣೆ ಬಳಸಬಹುದು, ಅದನ್ನು ಅಲ್ಲೇ ಬಿಡಬಾರದಷ್ಟೆ. ಒರೆಸಿ, ಸೋಪಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ.

ಸಾದಾ ಉಕ್ಕಿನ ಅಲಗಾದರೆ ಸೊನೆಗೂ ತೇವಕ್ಕೂ ಬೇಗ ಕಪ್ಪಾಗುತ್ತದೆ, ತುಕ್ಕೂ ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕು ತುಕ್ಕಿಗೆ ತಡೆದೀತು, ಸಾಣೆಗೆ ಸ್ವಲ್ಪ ಮೊಂಡು. ಹಳೆ ಕಸಿಯವರಲ್ಲಿ ಸಾದಾ ಉಕ್ಕನ್ನೇ ಮೆಚ್ಚುವವರು ಇನ್ನೂ ಇದ್ದಾರೆ. ಉಕ್ಕಿನ ವಿಚಾರದಲ್ಲಿ ತುಮಕೂರು ಜಿಲ್ಲೆಗೆ ಹೆಮ್ಮೆಯ ಚರಿತ್ರೆಯೇ ಇದೆ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ಕಂಡು ಬರೆದಿಟ್ಟ. 1807ರಲ್ಲಿ ಅದು ಅಚ್ಚಾಯಿತು. ಮಳೆನೀರಿನಲ್ಲಿ ಹರಿದು ಬಂದ ಕಪ್ಪು ಮರಳಿನಿಂದ ಕಬ್ಬಿಣ ತೆಗೆದು, ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿ ತಂಗಡಿ ಗಿಡದ ಕಾಂಡದ ಚೂರು, ಹಸಿರೆಲೆಗಳ ಜೊತೆ ಇಟ್ಟು, ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಗಿಡದ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ದಾರಿಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಈಗಲೂ ಇಲ್ಲಿ ಬೇಕಾದಷ್ಟಿದೆ. ಅದರಿಂದ ಉಕ್ಕು ಮಾಡುತ್ತಿದ್ದ ಕುಲುಮೆಗಳು ಉಳಿಯಲಿಲ್ಲ. ಆ ಕೈಚಳಕ ಮುಂದುವರಿದಿದ್ದರೆ ಹಲಸಿನ ಕಸಿಗೆ ಬೇಕಾದ ಚಾಕು ಈ ನೆಲದಲ್ಲೇ ತಯಾರಾಗುತ್ತಿತ್ತೇನೋ ಎಂಬ ಆಸೆ ಹುಟ್ಟದಿರದು.

ಕಮ್ಮಾರರ ಕೈಗೆ ಈಗಲೂ ಒಂದು ಕೆಲಸ ಒಪ್ಪಿಸಬಹುದು. ರಿವಿಟ್ ಹಾಕಿದ ಚಾಕುವಿನ ಕೀಲು ಸಡಿಲಾಗಿ ಅಲಗು ಅಲ್ಲಾಡತೊಡಗಿದರೆ, ಅಡಕತ್ತರಿಗೆ ಮಾಡುವಂತೆಯೇ, ರಿವಿಟ್ಟಿನ ತಲೆಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ಹಿಗ್ಗಿಸಿ ಬಿಗಿ ಮಾಡುವುದು ಅವರಿಗೆ ಗೊತ್ತು. ಸಡಿಲಾದದ್ದನ್ನು ಬಿಗಿ ಮಾಡಲು ಸುತ್ತಿಗೆ ಸರಿ. ಬಿಗಿಯಾದದ್ದನ್ನು ಸಡಿಲಿಸಲು ಸುತ್ತಿಗೆ ಎತ್ತಿದರೆ ಕೀಲು ಇನ್ನೂ ಬಿಗಿಯುತ್ತದೆ ಅಥವಾ ಹಿಡಿ ಸೀಳುತ್ತದೆ.

ಇಂಥ ಚಾಕು ಜೇಬಿನಲ್ಲಿಟ್ಟುಕೊಂಡು ಓಡಾಡಬಹುದೇ ಎಂದು ಕೆಲವರಿಗೆ ಅಳುಕು. ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು ಹೇಳುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಬಗ್ಗೆ. ಅದರಲ್ಲೂ ಮನೆ, ಬೇಸಾಯ, ಕೈಗಾರಿಕೆಯ ಕೆಲಸದ ಹತಾರಗಳಿಗೆ ವಿನಾಯಿತಿಯಿದೆ. ಕಸಿ ಚಾಕುವಿನ ಅಲಗು ಎರಡು ಮೂರು ಇಂಚು. ಹಾಗೆಂದು ಅದನ್ನು ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ, ನಿಷೇಧಾಜ್ಞೆ ಇರುವಲ್ಲಿ ಹಿಡಿದು ತಿರುಗುವುದೂ ತರವಲ್ಲ. ತೋಟಕ್ಕೆ ಹೋಗುವಾಗ ಜೊತೆಗಿರಲಿ, ಜಾತ್ರೆಗೆ ಹೋಗುವಾಗ ಮನೆಯಲ್ಲಿರಲಿ.

ಕಸಿ ಕಲಿಸುವ ತರಬೇತಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕಲಿಯುವವರಲ್ಲಿ ಹೆಂಗಸರೂ ಇದ್ದಾರೆ, ಆಗತಾನೆ ಓದು ಬಿಟ್ಟ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೆ ಬೇರುಸಸಿಯ ವಯಸ್ಸು, ಕುಡಿಯ ದಪ್ಪ, ಪಟ್ಟಿ ಸುತ್ತುವ ಕ್ರಮ ಹೇಳಿಕೊಡುವುದಕ್ಕೂ ಮೊದಲು ಅರ್ಧ ಗಂಟೆ ಚಾಕುವಿಗೇ ಕೊಡಬೇಕು. ಹೊಸ ಚಾಕುವನ್ನು ಎಲ್ಲರೂ ತೊಳೆದು, ಒರೆಸಿ, ಎಣ್ಣೆ ಬಿಟ್ಟು, ನೂರು ಸಲ ತೆರೆದು ಮಡಿಚಲಿ. ಬಿಗಿ ಚಾಕು ಹಿಡಿದವರ ಕೈ ಅಲಗು ತೆರೆಯುವಷ್ಟರಲ್ಲೇ ಸೋತಿರುತ್ತದೆ. ಸೋತ ಕೈಯ ಕೆತ್ತನೆ ನಡುಗುತ್ತದೆ, ಕಸಿ ಹಿಡಿಯುವುದಿಲ್ಲ. ಆಗ ‘ನನ್ನ ಕೈಗುಣವೇ ಸರಿಯಿಲ್ಲ’ ಎಂದು ಕೆಲಸ ಬಿಟ್ಟವರಲ್ಲಿ ಎಷ್ಟು ಜನ ನಿಜಕ್ಕೂ ಚಾಕುವಿಗೆ ಸೋತವರೋ!

ಲಾಕು ಪಳಗಿದ್ದು ಗೊತ್ತಾಗುವುದು ಕಿವಿಗೆ ಮೊದಲು. ಹೊಸದರಲ್ಲಿ ಒರಟಾಗಿ ಕೇಳುತ್ತಿದ್ದ ‘ಕಟ್’ ಸದ್ದು ಚೊಕ್ಕ ‘ಟಕ್’ ಆಗುತ್ತದೆ. ಪಟ್ಟಿ ತಳ್ಳಿದಾಗ ಕಿರುಗುಟ್ಟುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ, ಕಸಿಯ ಕಾಲ ಶುರುವಾಗುವ ಮುಂಚೆ, ಚಾಕು ತೆರೆದು ಹಿಂದಿನಿಂದ ನೋಡಬೇಕು: ಪಟ್ಟಿ ಅಲಗಿನ ಬುಡದ ಯಾವ ಭಾಗದಲ್ಲಿ ನಿಂತಿದೆ? ನಡುವಿಗಿಂತ ಈಚೆಗಿದ್ದರೆ ಇನ್ನೂ ಬಹಳ ಕಾಲ ಬಾಳುತ್ತದೆ. ನಡು ದಾಟಿ ಆಚೆಯ ತಗಡಿನ ಹತ್ತಿರ ಸರಿದಿದ್ದರೆ, ಅಥವಾ ತೆರೆದ ಅಲಗು ಮೇಲೆ ಕೆಳಗೆ ಅಲುಗುತ್ತಿದ್ದರೆ, ಸವೆತದ ಪಾಲು ಮುಗಿಯುತ್ತ ಬಂದಿದೆ. ಅಂಥ ಚಾಕುವಿನ ಅಲಗು ಎಷ್ಟೇ ಹರಿತವಾಗಿದ್ದರೂ ಕಸಿ ಕೆಲಸಕ್ಕೆ ಬೇಡ. ಪಟ್ಟಿ ಸುತ್ತುವ ಪ್ಲಾಸ್ಟಿಕ್ ಕತ್ತರಿಸಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು ಅದನ್ನು ಇಟ್ಟುಕೊಂಡು, ಹಲಸಿನ ಕುಡಿಗೆ ಇನ್ನೊಂದು ಹೊಸ ಚಾಕುವನ್ನು ಸೋಪಿನ ನೀರಿಗೆ ಇಳಿಸಬಹುದು.